ರಾಜಧಾನಿ ನೋಡಲು ಬಂದವಳು

ಫೆಬ್ರವರಿ 2

ಪುಟ್ಟಿಗೆ,

ನಿನ್ನ ಕಾಗದ ಓದಿ ಎಷ್ಟು ಖುಷಿಯಾಯಿತೆಂದರೆ ಕೆಳಗಿನ ಇಸ್ತ್ರಿ ಅಂಗಡಿಯವನಿಗೂ ಓದಿ ಹೇಳಿದೆ. ಇಷ್ಟು ವರ್ಷ ಬಾಯಿ ನೋಯುವಷ್ಟು ಕರೆದರೂ ಊರು ಬಿಟ್ಟು ಕದಲದ ಅಣ್ಣ, ಈಗ ಮಗಳ ಜೊತೆ ರಾಜಧಾನಿ ನೋಡಲು ಬರುತ್ತಾನೆಂದರೆ ಸಣ್ಣ ಮಾತೇ? ಅದೂ ಕಾರ್ಖಾನೆಯವರ ಖರ್ಚಿನಲ್ಲಿ. ಬ್ಯಾಗು ಹೊಲಿಯುವವರನ್ನೆಲ್ಲ ಬಸ್ಸಿನಲ್ಲಿ ಕೂರಿಸಿ ಮೂರು ದಿನ ಊರು ತೋರಿಸುವ ಧಣಿಗಳನ್ನು ನಾನಂತೂ ಕಂಡಿಲ್ಲ. ಕಳೆದ ವರ್ಷ ಆ ಬೆಂಕಿ ಬಿದ್ದು ಇಬ್ಬರು ಹೆಣ್ಣುಮಕ್ಕಳು ಹೋದ ಮೇಲೆ ಎಲ್ಲರ ಮನಸ್ಸೂ ಕೆಟ್ಟಿದೆ, ಸ್ವಲ್ಪ ಹಗುರಾಗಲಿ ಅಂದುಕೊಂಡಿರಬೇಕು. ಒಳ್ಳೆಯದೇ ಬಿಡು.

ಈಗ ಕೇಳು. ದಿನಾ ಎರಡಂತಸ್ತಿನ ಬಸ್ಸಿನಲ್ಲಿ ಮೈಕು ಹಿಡಿದು ಕಂಡಕಂಡವರಿಗೆಲ್ಲ ಈ ಊರು ತೋರಿಸುವ ನಾನು ಸ್ವಂತ ಅಣ್ಣನ ಮಗಳಿಗೆ ಹೇಳಿಕೊಡದಿದ್ದರೆ ಹೇಗೆ? ಹೊಸ ಚಪ್ಪಲಿ ಹಾಕಿಕೊಂಡು ಬರಬೇಡ. ಊರು ನೋಡಲು ಬಂದವರು ಅರ್ಧ ದಿನ ಊರು ನೋಡಿ ಇನ್ನರ್ಧ ದಿನ ಕಾಲಿನ ಬೊಬ್ಬೆ ನೋಡಿಕೊಳ್ಳುತ್ತಾರೆ. ಅರಮನೆಯನ್ನು ಎಲ್ಲರೂ ಎದುರಿನಿಂದ ನೋಡುತ್ತಾರೆ. ನೀನು ಕುದುರೆ ಲಾಯದ ಕಡೆಯಿಂದ ಸುತ್ತಿ ಹೋಗು, ಅಲ್ಲಿ ಹಳೆಯ ಗೋಡೆ ಹಾಗೇ ಇದೆ, ಬಣ್ಣ ಬಳಿದು ಹಾಳು ಮಾಡಿಲ್ಲ. ಮ್ಯೂಸಿಯಂ ಪೂರ್ತಿ ನೋಡುತ್ತೇನೆಂದು ಹಟ ಹಿಡಿಯಬೇಡ, ತಲೆ ತಿರುಗುತ್ತದೆ. ಒಂದು ಕೋಣೆ ಆರಿಸಿಕೊಂಡು ಅಲ್ಲೇ ಕೂತುಬಿಡು. ದೊಡ್ಡ ಗೋಪುರಕ್ಕೆ ಲಿಫ್ಟ್ ಇದೆ, ಆದರೆ ಮಂಜು ಕವಿದ ದಿನ ಮೇಲೆ ಹೋದರೆ ಹಾಲಿನ ಲೋಟದೊಳಗೆ ನಿಂತ ಹಾಗಾಗುತ್ತದೆ, ಏನೂ ಕಾಣುವುದಿಲ್ಲ. ಜನ ನನ್ನನ್ನು ಯಾವ ರಾಜ ಯಾವಾಗ ಸತ್ತ ಎಂದು ಕೇಳುವುದೇ ಇಲ್ಲ, ಶೌಚಾಲಯ ಎಲ್ಲಿ ಎಂದು ಕೇಳುತ್ತಾರೆ. ಅದಕ್ಕೆ ಈಗಲೇ ಹೇಳಿಬಿಡುತ್ತೇನೆ, ಮ್ಯೂಸಿಯಮ್ಮಿನ ನೆಲಮಾಳಿಗೆಯದು ಚೊಕ್ಕಟವಾಗಿದೆ.

ಅಣ್ಣನಿಗೆ ಹೇಳು, ಕಾರ್ಖಾನೆಯ ಗೇಟು ಕಾಯುವಾಗಿನ ಆ ಬೀಗದ ಕೈ ಗೊಂಚಲನ್ನು ಊರಲ್ಲೇ ಬಿಟ್ಟು ಬರಲಿ. ಅವನು ಸೊಂಟದಲ್ಲಿ ಜಣಜಣ ಅನ್ನಿಸಿಕೊಂಡು ಓಡಾಡಿದರೆ ಇಲ್ಲಿನವರು ಬಾಗಿಲು ತೆಗೆಯಪ್ಪ ಅಂತ ಇವನನ್ನೇ ಕೇಳಿಯಾರು. ಅತ್ತಿಗೆಯೂ ಬಂದಿದ್ದರೆ ಚೆನ್ನಾಗಿತ್ತು.

ಚಿಕ್ಕಪ್ಪ


ಫೆಬ್ರವರಿ 9

ಪ್ರೀತಿಯ ಚಿಕ್ಕಪ್ಪನಿಗೆ,

ನಿಮ್ಮ ಕಾಗದವನ್ನು ಅಪ್ಪ ಊಟದ ಹೊತ್ತಿಗೆ ಎಲ್ಲರಿಗೂ ಕೇಳುವ ಹಾಗೆ ಓದಿದರು. ಅಮ್ಮ ನಕ್ಕರು. ಬೀಗದ ಕೈಯ ಸಾಲನ್ನು ಅಪ್ಪ ಓದದೆ ಬಿಟ್ಟರು, ನಾನು ಆಮೇಲೆ ಓದಿಕೊಂಡೆ.

ಪ್ರವಾಸದ ಪಟ್ಟಿ ಕೊಟ್ಟಿದ್ದಾರೆ. ಮಾರ್ಚ್ 9ಕ್ಕೆ ಬರುತ್ತೇವೆ. 10ರಂದು ಬೆಳಿಗ್ಗೆ ಮ್ಯೂಸಿಯಂ. ಅಪ್ಪ ಮತ್ತು ಇನ್ನು ಕೆಲವರಿಗೆ ಅವತ್ತು ಬೇರೆ ಏನೋ ಕೆಲಸವಿದೆಯಂತೆ, ಅವರು ನಮ್ಮ ಜೊತೆ ಮ್ಯೂಸಿಯಮ್ಮಿಗೆ ಬರುವುದಿಲ್ಲ. ಅದಕ್ಕೇ ಒಂದೆರಡು ವಿಷಯ ಕೇಳಬೇಕಾಗಿತ್ತು. ಮ್ಯೂಸಿಯಮ್ಮಿಗೆ ಬಾಗಿಲು ಒಂದೇನಾ? ಹಿಂದಿನಿಂದ ಹೊರಗೆ ಹೋಗಬಹುದಾ? ದೊಡ್ಡ ಕೋರ್ಟು ಅಲ್ಲಿಂದ ಎಷ್ಟು ದೂರ? ನಡೆದುಕೊಂಡು ಹೋಗುವ ಹಾಗಿದೆಯಾ? ಒಳಗೆ ಹೋಗಲು ಬಾಗಿಲಲ್ಲಿ ಏನಾದರೂ ಕೇಳುತ್ತಾರಾ?

ಕೋರ್ಟಿನ ಕಟ್ಟಡ ತುಂಬ ಚೆನ್ನಾಗಿದೆ ಅಂತ ಯಾರೋ ಹೇಳಿದರು, ಅದಕ್ಕೆ.

ಉತ್ತರವನ್ನು ಮನೆಗೆ ಬರೆಯಬೇಡಿ. ಫೋನು ಕೂಡ ಬೇಡ. ಮನೆಗೆಲ್ಲ ಇರುವುದು ಒಂದು, ಅದು ಅಪ್ಪನ ಜೇಬಿನಲ್ಲಿರುತ್ತದೆ. ಕೆಳಗೆ ಬರೆದಿರುವುದು ನನ್ನ ಗೆಳತಿಯ ಅಮ್ಮನ ವಿಳಾಸ.

ನಿಮ್ಮ ಪುಟ್ಟಿ


ಫೆಬ್ರವರಿ 14

ಪುಟ್ಟಿ,

ಕೋರ್ಟಿನ ಕಟ್ಟಡ ಚೆನ್ನಾಗಿದೆ ಎಂದು ಹೇಳಿದ ಆ ಯಾರೋ ಯಾರು ಮಗಳೇ? ಕೆಂಪು ಕಲ್ಲಿನ ಆ ಮುದಿ ಕಟ್ಟಡವನ್ನು ನೋಡಲೆಂದೇ ಬಂದವರನ್ನು ನಾನು ಇದುವರೆಗೆ ಕಂಡಿಲ್ಲ. ನಾನು ಮೈಕಿನಲ್ಲಿ ಅದರ ಹೆಸರು ಹೇಳಿ ಮುಗಿಸುವುದರೊಳಗೆ ಬಸ್ಸು ಮುಂದೆ ಹೋಗಿರುತ್ತದೆ. ಆದರೆ ಅದರ ಬಲಗಡೆ ಮದುವೆ ನೋಂದಣಿಯ ಒಂದು ಪುಟ್ಟ ಕಚೇರಿ ಇದೆ. ಅಲ್ಲಿ ಜೋಡಿಗಳು ಹೂವಿಲ್ಲದೆ, ಓಲಗವಿಲ್ಲದೆ, ಬೆವರು ಒರೆಸಿಕೊಳ್ಳುತ್ತಾ ಸಹಿ ಹಾಕಲು ನಿಂತಿರುತ್ತವೆ. ಬಸ್ಸಿನ ಮೇಲಂತಸ್ತಿನಲ್ಲಿ ಕೂತವರು ಅವರಿಗೆ ಕೈ ಬೀಸುತ್ತಾರೆ.

ನಾನೇನು ನಿನ್ನೆ ಹುಟ್ಟಿದವನಾ? ಹಿಂಬಾಗಿಲು, ಕೋರ್ಟು, ಗೆಳತಿಯ ವಿಳಾಸ, ಅಪ್ಪ ಜೊತೆಗಿಲ್ಲದ ದಿನ. ಸರಿ. ನಿನಗೂ ವಯಸ್ಸಾಯಿತು, ದುಡಿಯುತ್ತೀಯಾ, ನಿನ್ನ ಬದುಕು ನಿನ್ನದು. ಹುಡುಗ ಒಳ್ಳೆಯವನಾದರೆ ಸಾಕು. ಮ್ಯೂಸಿಯಮ್ಮಿನ ಹಿಂದೆ ತೋಟವಿದೆ, ತೋಟದ ಗೇಟು ದಾಟಿದರೆ ಟ್ರಾಮ್ ರಸ್ತೆ, ಅದನ್ನೇ ಹಿಡಿದು ನಡೆದರೆ ಕೋರ್ಟು. ಗುರುತಿನ ಚೀಟಿ ಕೇಳುತ್ತಾರೆ, ಮರೆಯಬೇಡ. ಸಾಕ್ಷಿಗೆ ಜನ ಬೇಕಾದರೆ ನಾನಿದ್ದೇನೆ. ಇಸ್ತ್ರಿ ಅಂಗಡಿಯವನೂ ಬರುತ್ತಾನೆ, ಅವನ ಹತ್ತಿರ ಯಾವಾಗಲೂ ಯಾರದೋ ಒಳ್ಳೆಯ ಅಂಗಿ ಇರುತ್ತದೆ.

ಒಂದು ಮಾತು. ಇದನ್ನೆಲ್ಲ ಅಣ್ಣನಿಂದ ಮುಚ್ಚಿಟ್ಟು ಮಾಡಿದರೆ ಅವನು ತಡೆದುಕೊಳ್ಳಲಾರ. ನಿನಗೆ ಸಿಟ್ಟು ಬಂದರೂ ಪರವಾಗಿಲ್ಲ ಎಂದು ಅವನಿಗೆ ಒಂದು ಸಣ್ಣ ಕಾಗದ ಹಾಕಿದ್ದೇನೆ. ಹೆಚ್ಚೇನಿಲ್ಲ. ಮಗಳು ಕೋರ್ಟಿನ ದಾರಿ ಕೇಳುತ್ತಿದ್ದಾಳೆ, ಮನಸ್ಸಿನಲ್ಲಿ ಯಾರೋ ಇರಬೇಕು, ಗದರಬೇಡ, ಮಾತಾಡಿಸು ಅಂತ. ಮನೆಗೆ ಬರೆಯಬೇಡ ಅಂದಿದ್ದೆಯಲ್ಲ, ಅದಕ್ಕೆ ಕಾರ್ಖಾನೆಯ ಗೇಟಿನ ವಿಳಾಸಕ್ಕೆ ಕಳಿಸಿದೆ.

ಚಿಕ್ಕಪ್ಪ


ಫೆಬ್ರವರಿ 20

ಚಿಕ್ಕಪ್ಪ,

ಗೇಟಿಗೆ ಬರುವ ಕಾಗದವನ್ನೆಲ್ಲ ಮೊದಲು ಆಫೀಸಿನಲ್ಲಿ ಒಡೆದು ನೋಡುತ್ತಾರೆ. ಬೆಂಕಿ ಬಿದ್ದಾಗಿನಿಂದ ಹೀಗೆ. ನೀವು ಬರೆದದ್ದನ್ನು ಅಪ್ಪನಿಗಿಂತ ಮುಂಚೆ ಮ್ಯಾನೇಜರು ಓದಿದ್ದಾರೆ.

ನನ್ನನ್ನು ಮೆಷಿನ್ನಿನಿಂದ ಎಬ್ಬಿಸಿ ಒಳಗೆ ಕರೆದರು. ಕಾಗದ ಮೇಜಿನ ಮೇಲಿತ್ತು. ನಿಮ್ಮ ಅಕ್ಷರ ದೂರದಿಂದಲೇ ಗೊತ್ತಾಯಿತು. ಎಲ್ಲ ಗೊತ್ತಾಗಿಹೋಯಿತು ಅಂದುಕೊಂಡೆ. ಆದರೆ ಮ್ಯಾನೇಜರು ನಗುತ್ತಿದ್ದರು. ಓಡಿಹೋಗುವುದಾದರೆ ಕಂಪನಿಯ ಬಸ್ಸಿನಲ್ಲೇ ಓಡಿಹೋಗಬೇಕಾ ಎಂದು ತಮಾಷೆ ಮಾಡಿದರು. ಪ್ರವಾಸದಲ್ಲಿ ಇವಳ ಮೇಲೆ ಒಂದು ಕಣ್ಣಿಡಿ ಎಂದು ನಮ್ಮ ಸಾಲಿನ ಸೂಪರ್‌ವೈಸರ್ ಅಕ್ಕನಿಗೆ ಹೇಳಿ ಕಳಿಸಿದರು. ನಾನು ತಲೆ ತಗ್ಗಿಸಿ ನಿಂತೆ. ನಾಚಿಕೆ ಅಂದುಕೊಂಡರು.

ಹುಡುಗ ಯಾರೂ ಇಲ್ಲ ಚಿಕ್ಕಪ್ಪ. ಇನ್ನು ನಿಮಗೆ ಹೇಳದಿದ್ದರೆ ನೀವು ಇನ್ನೇನು ಅಂದುಕೊಂಡು ಇನ್ನಾರಿಗೆ ಬರೆಯುತ್ತೀರೋ ಎಂದು ಭಯವಾಗಿ ಹೇಳುತ್ತಿದ್ದೇನೆ.

ಬೆಂಕಿಯಲ್ಲಿ ಹೋದವರಲ್ಲಿ ಒಬ್ಬಳು ನನ್ನ ಪಕ್ಕದ ಮೆಷಿನ್ನಿನವಳು. ಎಲ್ಲರೂ ಗುಬ್ಬಿ ಅಂತಿದ್ದೆವು. ಈಗ ನಿಮ್ಮ ಕಾಗದ ಬರುವುದು ಅವಳ ಅಮ್ಮನ ಮನೆಗೆ. ಅವತ್ತು ನನ್ನ ಮೆಷಿನ್ನು ಕೆಟ್ಟಿತ್ತೆಂದು ಮುಂದಿನ ಸಾಲಿಗೆ ಹಾಕಿದ್ದರು, ನಾನು ಮುಂಬಾಗಿಲಿನಿಂದ ಹೊರಗೆ ಬಂದೆ. ಗುಬ್ಬಿ ಮತ್ತು ಕತ್ತರಿಸುವ ಮೇಜಿನ ಅಕ್ಕ ಹಿಂಬಾಗಿಲಿಗೆ ಓಡಿದರು. ಅದಕ್ಕೆ ಬೀಗ ಹಾಕಿತ್ತು. ಬಾಗಿಲು ತೆಗೆದೇ ಇತ್ತು, ಹೊಗೆಗೆ ತಲೆ ಸುತ್ತಿ ಅವರೇ ಬಿದ್ದರು ಎಂದು ಕಂಪನಿ ಹೇಳುತ್ತಿದೆ. ಗುಬ್ಬಿಯ ಅಮ್ಮ ಹಾಕಿದ ಕೇಸು ಮಾರ್ಚ್ 10ಕ್ಕೆ ರಾಜಧಾನಿಯ ಕೋರ್ಟಿನಲ್ಲಿ ಬರುತ್ತದೆ. ನಮ್ಮ ಪ್ರವಾಸ ಆ ದಿನಕ್ಕೇ ಏಕೆ ಬಿತ್ತು ಅಂತ ಈಗ ಗೊತ್ತಾಯಿತಲ್ಲ. ಬೇರೆ ಕೆಲಸವಿದೆ ಅಂತ ಬರೆದೆನಲ್ಲ, ಅವರೆಲ್ಲ ಕೋರ್ಟಿಗೆ ಹೋಗಿ ಬಾಗಿಲು ತೆಗೆದಿತ್ತು ಎಂದು ಹೇಳುವವರು. ಎಲ್ಲರಿಗಿಂತ ಮುಖ್ಯ ಸಾಕ್ಷಿ ಅಪ್ಪ.

ಬೀಗ ಹಾಕಿದ್ದು ಅಪ್ಪನೇ. ಬ್ಯಾಗು ಕಳುವಾಗುತ್ತಿವೆ, ಹಿಂದಿನದಕ್ಕೆ ಹಾಕು ಎಂದು ಮ್ಯಾನೇಜರು ಹೇಳಿದ್ದು, ಅಪ್ಪ ಹಾಕಿದ್ದು, ಎರಡೂ ನನ್ನ ಎದುರಿಗೇ ಆದದ್ದು. ಬ್ಯಾಗಿಗೆ ತುಂಬುವ ಸ್ಪಂಜು ತರಲು ಹಿಂದಕ್ಕೆ ಹೋಗಿದ್ದೆ. ಬೆಂಕಿ ಎದ್ದಾಗ ಅಪ್ಪ ಕಟ್ಟಡ ಸುತ್ತಿ ಓಡಿದರು. ಕಾದ ಬೀಗವನ್ನು ಬರಿಗೈಯಲ್ಲಿ ಹಿಡಿದು ತೆಗೆದರು. ಅಷ್ಟು ಹೊತ್ತಿಗೆ ಒಳಗಿನಿಂದ ಬಡಿಯುವುದು ನಿಂತಿತ್ತು. ಅವರ ಬಲಗೈ ಈಗಲೂ ಪೂರ್ತಿ ಮಡಚುವುದಿಲ್ಲ. ಆ ಕೈಯಲ್ಲೇ ಬಾಗಿಲು ತೆಗೆದಿತ್ತು ಎಂದು ಬರೆದದ್ದಕ್ಕೆ ಸಹಿ ಹಾಕಿದರು. ಬೀಗ ಹಾಕಿತ್ತು ಅಂದರೆ ಮೊದಲು ಸಿಕ್ಕಿಬೀಳುವುದು ನೀನು ಎಂದು ಮ್ಯಾನೇಜರು ಹೆದರಿಸಿದ್ದಾರೆ. ನಾವಿರುವುದು ಕಂಪನಿಯ ಮನೆ. ಅಮ್ಮನಿಗೆ ಎಲ್ಲ ಗೊತ್ತು, ಏನೂ ಗೊತ್ತಿಲ್ಲದವರ ಹಾಗೆ ಇದ್ದಾರೆ.

ಗುಬ್ಬಿಯ ಅಮ್ಮನ ವಕೀಲಮ್ಮ, ನೀನು ಅವತ್ತು ಊಟದ ಹೊತ್ತಿನೊಳಗೆ ಕೋರ್ಟಿಗೆ ಬಂದರೆ ಸಾಕು ಅಂದಿದ್ದಾರೆ. ಮುಂಚೆ ಗೊತ್ತಾದರೆ ನನ್ನನ್ನು ಬಸ್ಸು ಹತ್ತಿಸುವುದಿಲ್ಲ.

ಆ ದಿನ ಮನೆಗೆ ಬಂದ ಮೇಲೆ ಅಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ನನ್ನ ಕಡೆ ನೋಡದೆ, "ಹುಡುಗ ಯಾರು?" ಅಂದರು. ನಾನು ತಟ್ಟೆ ಇಡಲು ಒಳಗೆ ಹೋದೆ. ಅವರು ಮತ್ತೆ ಕೇಳಲಿಲ್ಲ. ಸದ್ಯಕ್ಕೆ ಆ ಸುಳ್ಳು ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.

ಪುಟ್ಟಿ


ಫೆಬ್ರವರಿ 24

ಪುಟ್ಟಿ,

ನಿನ್ನ ಕಾಗದ ಬಂದ ದಿನ ಬಸ್ಸಿನಲ್ಲಿ ಅರಮನೆಯನ್ನು ತೋರಿಸಿ ಗೋಪುರ ಅಂದೆನಂತೆ. ಡ್ರೈವರು ಕನ್ನಡಿಯಲ್ಲಿ ನೋಡಿದ.

ನಾನು ಮಾಡಿದ ಕೆಲಸಕ್ಕೆ ನನ್ನ ಕೈ ಕಡಿದುಕೊಳ್ಳಬೇಕು ಅನ್ನಿಸಿದೆ. ಅದನ್ನು ಆಮೇಲೆ ಮಾತಾಡೋಣ. ಈಗ ನನಗೆ ಅನ್ನಿಸಿದ್ದನ್ನು ಮುಚ್ಚಿಡದೆ ಹೇಳುತ್ತೇನೆ, ಸಿಟ್ಟಾಗಬೇಡ. ನನ್ನ ಅಪ್ಪ ಹೋದಾಗ ನಾನು ಚಡ್ಡಿ ಹಾಕುತ್ತಿದ್ದೆ. ಅಣ್ಣ ತಾನು ಶಾಲೆ ಬಿಟ್ಟು ನನ್ನನ್ನು ಓದಿಸಿದ. ಇಂಗ್ಲಿಷು, ಫ್ರೆಂಚು, ಮೈಕು, ಎಲ್ಲ ಅವನು ಗೇಟಿನಲ್ಲಿ ನಿಂತು ಕೊಟ್ಟದ್ದು. ಅವನನ್ನು ಜೈಲಿಗೆ ಕಳಿಸುವ ಕೋರ್ಟಿಗೆ ನಾನು ದಾರಿ ತೋರಿಸಬೇಕಾ? ಸತ್ತವಳು ಸತ್ತಳು. ಬದುಕಿರುವವನು ನಿನ್ನ ಅಪ್ಪ. ಇನ್ನೊಬ್ಬರು ಯಾರಾದರೂ ಹೇಳಲಿ. ಅಷ್ಟು ಜನ ಇದ್ದರಲ್ಲ ಅಲ್ಲಿ.

ಊರು ನೋಡು. ಕೋರ್ಟು ಬೇಡ.

ಚಿಕ್ಕಪ್ಪ


ಫೆಬ್ರವರಿ 28

ಚಿಕ್ಕಪ್ಪ,

ಅಷ್ಟು ಜನ ಇದ್ದರು. ಒಬ್ಬೊಬ್ಬರಾಗಿ ಎಲ್ಲರೂ ಏನೂ ನೋಡಿಲ್ಲ ಅಂದರು. ಕೆಲವರಿಗೆ ಸಂಬಳ ಹೆಚ್ಚಾಯಿತು, ಕೆಲವರಿಗೆ ಮೇಜು ಬದಲಾಯಿತು. ಉಳಿದವಳು ನಾನೊಬ್ಬಳೇ.

ಅಪ್ಪ ರಾತ್ರಿ ಎದ್ದು ನಮ್ಮ ಮನೆಯ ಬಾಗಿಲಿನ ಚಿಲಕ ತೆಗೆದು ಮಲಗುತ್ತಾರೆ. ಕಳ್ಳರು ಬರುತ್ತಾರೆ ಎಂದು ಅಮ್ಮ ಮತ್ತೆ ಹಾಕುತ್ತಾರೆ. ಅಪ್ಪ ಮತ್ತೆ ಎದ್ದು ತೆಗೆಯುತ್ತಾರೆ. ನಿಮ್ಮ ಅಣ್ಣ ಈಗ ಹೀಗೆ ಬದುಕಿದ್ದಾರೆ.

ನೀವು ಬರದಿದ್ದರೂ ಪರವಾಗಿಲ್ಲ. ಮೊದಲಿನಂತೆಯೇ ನನಗೆ ದಾರಿ ಹೇಳಿ. ಅದು ಬೇಡ ಅನ್ನಿಸಿದರೆ ಉತ್ತರ ಬರೆಯಬೇಡಿ, ನಾನು ಅಲ್ಲಿ ಬಂದು ಯಾರನ್ನಾದರೂ ಕೇಳಿಕೊಳ್ಳುತ್ತೇನೆ.

ಪುಟ್ಟಿ


ಮಾರ್ಚ್ 4

ಪುಟ್ಟಿ,

ಯಾರನ್ನೂ ಕೇಳಬೇಡ. ಇದನ್ನು ಓದಿ ಹರಿದುಹಾಕು.

ಮೊದಲು ಬರೆದ ಹಿಂಬಾಗಿಲನ್ನು ಮರೆತುಬಿಡು. ಇವತ್ತು ಹೋಗಿ ನೋಡಿದೆ, ತೋಟದಲ್ಲಿ ಏನೋ ಅಗೆಯುತ್ತಿದ್ದಾರೆ, ಗೇಟಿಗೆ ಬೀಗ. ನಾನು ಹೇಳಿದ್ದನ್ನು ನಂಬಿಕೊಂಡು ನೀನು ಅಲ್ಲಿಗೆ ಹೋಗಿ ನಿಂತಿದ್ದರೆ ಏನು ಗತಿ!

ಪ್ರವಾಸದ ಗುಂಪುಗಳನ್ನು ಮ್ಯೂಸಿಯಮ್ಮಿನವರು ನೆಲಮಾಳಿಗೆಯಿಂದ ಶುರು ಮಾಡಿಸುತ್ತಾರೆ. ಶೌಚಾಲಯದ ಪಕ್ಕ ಕಬ್ಬಿಣದ ಮೆಟ್ಟಿಲಿದೆ, ಅದು ನೇರವಾಗಿ ಬಸ್ಸು ನಿಲ್ಲುವ ಜಾಗಕ್ಕೆ ಹತ್ತುತ್ತದೆ. ನನ್ನ ಬಸ್ಸು ಕೆಂಪು, ಮೇಲಂತಸ್ತಿಗೆ ಚಾವಣಿ ಇಲ್ಲ. ಹತ್ತಿ ಕೆಳಗಿನ ಕೊನೆಯ ಸೀಟಿನಲ್ಲಿ ಕೂತುಕೋ. ನನ್ನನ್ನು ಮಾತಾಡಿಸಬೇಡ, ನಾನೂ ಮಾತಾಡಿಸುವುದಿಲ್ಲ. ಕಂಪನಿಯವರು ಟೋಪಿ, ಬ್ಯಾಡ್ಜು ಏನಾದರೂ ಕೊಟ್ಟರೆ ಮೆಟ್ಟಿಲಲ್ಲೇ ಬಿಟ್ಟು ಬಾ. ನಿಮ್ಮ ಗುಂಪು ತಡವಾದರೂ ಹೆದರಬೇಡ. ಮೈಕಿನಲ್ಲಿ ಹೇಳಲು ನನ್ನ ಹತ್ತಿರ ಬೇಕಾದಷ್ಟು ಕಥೆಗಳಿವೆ, ಜನರನ್ನು ಹಿಡಿದು ಕೂರಿಸುತ್ತೇನೆ.

ಅಣ್ಣನ ಮುಖ ನೋಡುವ ಧೈರ್ಯ ನನಗಿಲ್ಲ. ಕೋರ್ಟಿನ ತನಕ ಬಿಡುತ್ತೇನೆ. ಒಳಗೆ ಬರುವುದಿಲ್ಲ.

ಚಿಕ್ಕಪ್ಪ


ಮಾರ್ಚ್ 12

ಚಿಕ್ಕಪ್ಪ,

ನೀವು ಕೋರ್ಟಿನ ಹತ್ತಿರ ಸಂಜೆ ಬಂದು ಹುಡುಕಿದಿರಂತೆ, ವಕೀಲಮ್ಮ ಹೇಳಿದರು. ಇಲ್ಲಿ ನಿಲ್ಲುವುದು ಒಳ್ಳೆಯದಲ್ಲ ಎಂದು ಅವರೇ ನನ್ನನ್ನೂ ಗುಬ್ಬಿಯ ಅಮ್ಮನನ್ನೂ ಆ ಸಂಜೆಯ ರೈಲು ಹತ್ತಿಸಿಬಿಟ್ಟರು. ಅಲ್ಲಿ ಏನಾಯಿತು ಎಂದು ನಿಮಗೆ ನನ್ನಿಂದಲೇ ಗೊತ್ತಾಗಬೇಕು.

ಮ್ಯೂಸಿಯಮ್ಮಿನಲ್ಲಿ ಸೂಪರ್‌ವೈಸರ್ ಅಕ್ಕ ನನ್ನ ಕೈ ಬಿಡಲೇ ಇಲ್ಲ. ಹಳೆಯ ಮಡಕೆ, ಕತ್ತಿ, ಎಲ್ಲವನ್ನೂ ಕೈ ಹಿಡಿದೇ ತೋರಿಸಿದರು. ಶೌಚಾಲಯಕ್ಕೂ ಜೊತೆಗೆ ಬಂದರು. ಬಾಗಿಲ ಹೊರಗೆ ನಿಂತು, "ಅವನು ಎಲ್ಲಿ ಸಿಗ್ತೀನಿ ಅಂದಿದಾನೆ?" ಅಂತ ಕೇಳಿದರು. ಬಸ್ಸಿನ ಹತ್ತಿರ ಅಂದೆ. ಅವರು ಆಚೀಚೆ ನೋಡಿ, "ನಾನೂ ಹಂಗೇ ಮನೆ ಬಿಟ್ಟು ಬಂದೋಳು. ಹೋಗು, ನಾನು ನೋಡ್ಲಿಲ್ಲ" ಅಂದರು. ಕಂಪನಿ ಕೊಟ್ಟ ಹಳದಿ ಟೋಪಿಯನ್ನು ಅವರೇ ಈಸಿಕೊಂಡರು. ನಿಮ್ಮ ಆ ಕಾಗದದಿಂದಲೇ ನನಗೆ ದಾರಿಯಾಯಿತು ಎಂದು ಮೆಟ್ಟಿಲು ಹತ್ತುವಾಗ ಅಂದುಕೊಂಡೆ. ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು.

ಮೈಕಿನಲ್ಲಿ ನಿಮ್ಮ ಧ್ವನಿ ಕೆಳಗೂ ಕೇಳುತ್ತಿತ್ತು. ಸೇತುವೆ ಕಟ್ಟಿಸಿದ ರಾಣಿಯ ಕಥೆಯನ್ನು ಎರಡು ಸಲ ಹೇಳಿದಿರಿ. ಬಸ್ಸು ಯಾವತ್ತೂ ನಿಲ್ಲದ ಕೋರ್ಟಿನ ಎದುರು ನಿಂತಾಗ ಪಕ್ಕದಲ್ಲಿದ್ದವರು ಕ್ಯಾಮೆರಾ ತೆಗೆದರು. ಇಳಿದು ತಿರುಗಿ ನೋಡಿದೆ. ನೀವು ಬೇರೆ ಕಡೆ ಮುಖ ಮಾಡಿದ್ದಿರಿ.

ನಾನು ಒಳಗೆ ಹೋದಾಗ ಅಪ್ಪ ಆಗಲೇ ಕಟಕಟೆಯಲ್ಲಿದ್ದರು. ಹೊಸ ಅಂಗಿ, ಕಂಪನಿಯವರು ಕೊಡಿಸಿದ್ದು, ತೋಳು ಉದ್ದವಾಗಿ ಬೆರಳಿನ ತನಕ ಬರುತ್ತಿತ್ತು. ಬಾಗಿಲು ಹೇಗಿತ್ತು ಎಂದು ಕೇಳಿದರು. "ತೆಗೆದಿತ್ತು ಸ್ವಾಮಿ" ಅಂದರು. ಆಗ ನನ್ನನ್ನು ನೋಡಿದರು. ಮುಂದಿನ ಪ್ರಶ್ನೆಯನ್ನು ಅವರಿಗೆ ಮೂರು ಸಲ ಕೇಳಬೇಕಾಯಿತು.

ಆಮೇಲೆ ನನ್ನ ಸರದಿ. ನೋಡಿದ್ದನ್ನೆಲ್ಲ ಹೇಳಿದೆ. ಬೀಗ ಹಾಕಿದ್ದು ಯಾರು ಎಂದು ನ್ಯಾಯಾಧೀಶರು ಕೇಳಿದಾಗ, "ನಮ್ಮಪ್ಪ" ಅಂದೆ. ಹಾಕಲು ಹೇಳಿದವರು ಯಾರು ಎಂಬುದನ್ನೂ ಹೇಳಿದೆ. ಕಂಪನಿಯ ವಕೀಲರು ಎದ್ದು, ಒಂದು ಕಾಗದ ತೆಗೆದು ಓದಿದರು. ಮಗಳು ಕೋರ್ಟಿನ ದಾರಿ ಕೇಳುತ್ತಿದ್ದಾಳೆ, ಮನಸ್ಸಿನಲ್ಲಿ ಯಾರೋ ಇರಬೇಕು. ನಿಮ್ಮದು. ಅದರ ಪ್ರತಿಯನ್ನು ಅವರು ಇಟ್ಟುಕೊಂಡಿದ್ದರು. ಯಾರನ್ನೋ ಪ್ರೀತಿಸಿದಳು, ಅಪ್ಪ ಒಪ್ಪಲಿಲ್ಲ, ಆ ಹಗೆ ತೀರಿಸಿಕೊಳ್ಳಲು ಅಪ್ಪನ ಮೇಲೆ ಸುಳ್ಳು ಹೇಳುತ್ತಿದ್ದಾಳೆ ಅಂದರು. ಹಿಂದೆ ಕೂತವರು ನಕ್ಕರು. ಇಲ್ಲ ಅಂದೆ. ಹಾಗಾದರೆ ಮ್ಯಾನೇಜರು ಕೇಳಿದಾಗ ಯಾಕೆ ಇಲ್ಲ ಅನ್ನಲಿಲ್ಲ ಎಂದು ಕೇಳಿದರು.

ಮಾರ್ಚ್ 30ಕ್ಕೆ ಅಪ್ಪನನ್ನು ಮತ್ತೆ ಕರೆದಿದ್ದಾರೆ. ಮಗಳು ಸುಳ್ಳು ಹೇಳುತ್ತಿದ್ದಾಳೆಯೇ, ಮದುವೆ ಜಗಳ ನಿಜವೇ ಎಂದು ಅಪ್ಪನನ್ನೇ ಕೇಳುತ್ತಾರಂತೆ. ಹೌದು ಅಂತ ಅವರು ಒಂದು ಮಾತು ಅಂದರೆ ಗುಬ್ಬಿಯ ಕೇಸು ಮುಗಿದಂತೆ. ಅಲ್ಲಿಯ ತನಕ ಅವರನ್ನು ರಾಜಧಾನಿಯ ಒಂದು ಲಾಡ್ಜಿನಲ್ಲಿ ಕಂಪನಿಯವರೇ ಇರಿಸಿಕೊಂಡಿದ್ದಾರೆ. ಹೊರಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ.

ನಮ್ಮ ಮನೆ ಖಾಲಿ ಮಾಡಿಸಿದರು. ಅಮ್ಮ ಮತ್ತು ನಾನು ಈಗ ಗುಬ್ಬಿಯ ಅಮ್ಮನ ಮನೆಯಲ್ಲಿದ್ದೇವೆ. ಅಮ್ಮ ನನ್ನ ಜೊತೆ ಮಾತಾಡುತ್ತಿಲ್ಲ. ಬಟ್ಟಲು ಮಾತ್ರ ಮುಂದಿಡುತ್ತಾರೆ.

ಪುಟ್ಟಿ


ಮಾರ್ಚ್ 20

ಪುಟ್ಟಿ,

ಅಣ್ಣ ನನ್ನ ಕೋಣೆಯಲ್ಲಿದ್ದಾನೆ.

ಮೊನ್ನೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ, ನೀನು ಬರೆದಿದ್ದ ಅದೇ ಉದ್ದ ತೋಳಿನ ಅಂಗಿ. ಕೈಯಲ್ಲಿ ಏನೂ ಇಲ್ಲ. ಲಾಡ್ಜಿನವರಿಗೆ ಕ್ಷೌರ ಮಾಡಿಸಿಕೊಂಡು ಬರುತ್ತೇನೆ ಎಂದು ಹೇಳಿ ಹೊರಬಿದ್ದನಂತೆ. ನನ್ನ ವಿಳಾಸವನ್ನು ಬೀದಿ ಬೀದಿ ಕೇಳಿಕೊಂಡು ಬಂದಿದ್ದಾನೆ. ಬಾ ಅಂದೆ. ಬಂದ. ನನ್ನ ಕಾಗದದ ವಿಷಯ ಹೇಳಿ ಕಾಲು ಹಿಡಿಯೋಣ ಎಂದು ನೂರು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಎದುರಿಗೆ ಬಂದಾಗ, ಹಲ್ಲುಜ್ಜಲು ಹೊಸ ಬ್ರಷ್ ತರಲಾ ಎಂದು ಕೇಳಿದೆ.

ಅಣ್ಣ ಕಿಟಕಿಯ ಹತ್ತಿರ ಕೂತು ಇಸ್ತ್ರಿ ಅಂಗಡಿಯ ಹೊಗೆ ನೋಡುತ್ತಾನೆ. ಕಂಪನಿಯ ಇಬ್ಬರು ಹುಡುಕಿಕೊಂಡು ಬಂದು ಕೆಳಗೆ ನಿಂತಿದ್ದರು. ಇಸ್ತ್ರಿ ಅಂಗಡಿಯವನು ಅವರ ಅಂಗಿಯ ಮೇಲೆ ನೀರು ಚಿಮುಕಿಸಿ, ಮೇಲೆ ಯಾರೂ ಇಲ್ಲ ಎಂದು ಅಟ್ಟಿದ. ಮತ್ತೆ ಬರುತ್ತಾರೆ. ಕೋಣೆಯಲ್ಲಿ ಒಬ್ಬನನ್ನೇ ಬಿಟ್ಟು ಹೋಗಲು ಭಯವಾಗಿ ಅಣ್ಣನನ್ನು ಬಸ್ಸಿಗೇ ಕರೆದುಕೊಂಡು ಹೋಗುತ್ತಿದ್ದೇನೆ. ಮೇಲಂತಸ್ತಿನ ಮುಂದಿನ ಸೀಟು. ಬೆಳಿಗ್ಗೆಯಿಂದ ಸಂಜೆಯ ತನಕ ಅರಮನೆ, ಸೇತುವೆ, ಗೋಪುರ, ಮತ್ತೆ ಅರಮನೆ. ನಾನು ಅವೇ ಕಥೆಗಳನ್ನು ಹೇಳುತ್ತೇನೆ, ಅವನು ಪ್ರತಿ ಸಲವೂ ಕತ್ತು ತಿರುಗಿಸಿ ನೋಡುತ್ತಾನೆ. ಕೋರ್ಟಿನ ಹತ್ತಿರ ಮಾತ್ರ ನಾನು ಮೈಕು ಆರಿಸುತ್ತೇನೆ. ಅವನು ಅಲ್ಲೂ ಕತ್ತು ತಿರುಗಿಸಿ ನೋಡುತ್ತಾನೆ.

ಏನು ಹೇಳಲಿ ಅವನಿಗೆ? ನೀನು ಹೇಳಿದ ಹಾಗೆ ಹೇಳುತ್ತೇನೆ.

ಚಿಕ್ಕಪ್ಪ


ಮಾರ್ಚ್ 24

ಚಿಕ್ಕಪ್ಪ,

ಏನೂ ಹೇಳಬೇಡಿ. ಹೇಳಿಕೊಟ್ಟದ್ದನ್ನು ಹೇಳಿ ಹೇಳಿ ಅವರಿಗೆ ಸಾಕಾಗಿರುತ್ತದೆ.

ಬಲಗೈಗೆ ಅಮ್ಮ ರಾತ್ರಿ ಎಣ್ಣೆ ಹಚ್ಚಿ ನೀವುತ್ತಿದ್ದರು. ಇಲ್ಲದಿದ್ದರೆ ಬೆಳಿಗ್ಗೆ ಬೆರಳು ಬಿಡಿಸಲು ಆಗುವುದಿಲ್ಲ. ಇದನ್ನು ನಿಮಗೆ ಬರೆ ಎಂದು ಅಮ್ಮನೇ ಹೇಳಿದರು. ಅವತ್ತಿನಿಂದ ನನ್ನ ಜೊತೆ ಆಡಿದ ಮೊದಲ ಮಾತು.

ಪುಟ್ಟಿ


ಮಾರ್ಚ್ 31

ಪುಟ್ಟಿ,

ನಿನ್ನೆಯದನ್ನು ಆದ ಹಾಗೆಯೇ ಬರೆಯುತ್ತೇನೆ. ಅತ್ತಿಗೆಗೂ ಓದಿ ಹೇಳು.

ಬೆಳಿಗ್ಗೆ ಅಣ್ಣ ಆ ಹೊಸ ಅಂಗಿ ಹಾಕಿಕೊಳ್ಳಲಿಲ್ಲ. ನಿನ್ನದೊಂದು ಕೊಡು ಅಂದ. ಕೊಟ್ಟೆ. ಏನು ಹೇಳುತ್ತೀಯಾ ಎಂದು ನಾನು ಕೇಳಲಿಲ್ಲ, ನೀನು ಬೇಡ ಅಂದಿದ್ದೆಯಲ್ಲ. ಕೋರ್ಟಿನ ಮೆಟ್ಟಿಲಲ್ಲಿ ಮ್ಯಾನೇಜರು, ವಕೀಲರು ಎಲ್ಲ ಸುತ್ತಿಕೊಂಡರು. ಎಲ್ಲಿ ಹೋಗಿದ್ದೆ, ನಾವೆಷ್ಟು ಗಾಬರಿಯಾದೆವು ಎಂದು ಬೆನ್ನು ಸವರಿದರು. ಒಂದೇ ಒಂದು ಮಾತು ಹೇಳಿದರೆ ಸಾಕು, ಮನೆಯ ಬೀಗದ ಕೈ ಇವತ್ತೇ ಕೊಡುತ್ತೇವೆ ಎಂದು ಮ್ಯಾನೇಜರು ಅಂದದ್ದು ನನಗೂ ಕೇಳಿಸಿತು. ಅಣ್ಣ ಹೂಂ ಅಂದ. ಒಳಗೆ ಬರುವುದಿಲ್ಲ ಅಂದಿದ್ದವನು ನಾನು, ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ.

ಕಂಪನಿಯ ವಕೀಲರು ನನ್ನ ಕಾಗದವನ್ನು ಅವನ ಮುಂದೆ ಹಿಡಿದು, ಇದು ನಿಮ್ಮ ತಮ್ಮನ ಅಕ್ಷರವೇ ಎಂದು ಕೇಳಿದರು. ಹೌದು ಅಂದ. ನಿಮ್ಮ ಮಗಳಿಗೆ ಒಬ್ಬ ಹುಡುಗನ ಜೊತೆ ಸ್ನೇಹವಿತ್ತು, ಅದಕ್ಕೆ ಮನೆಯಲ್ಲಿ ಜಗಳವಾಗಿತ್ತು ಅಲ್ಲವೇ ಎಂದು ಕೇಳಿದರು.

"ಹುಡುಗ ಯಾರೂ ಇಲ್ಲ ಸ್ವಾಮಿ" ಅಂದ ಅಣ್ಣ. "ಕಾಗದ ಓದಿದ ದಿನವೇ ನಂಗೆ ಗೊತ್ತಾಯ್ತು. ಕೋರ್ಟಿಗೆ ಯಾಕೆ ಹೋಗ್ತಾಳೆ ಅಂತಾನೂ ಗೊತ್ತಾಯ್ತು. ತಡೀಬಹುದಿತ್ತು. ತಡೀಲಿಲ್ಲ."

ವಕೀಲರು ಕಾಗದ ಮಡಚಿದರು. ಇನ್ನೇನೂ ಕೇಳುವುದಿಲ್ಲ ಅಂದರು. ಆದರೆ ನ್ಯಾಯಾಧೀಶರು ಬಿಡಲಿಲ್ಲ. ಹಾಗಾದರೆ ಬಾಗಿಲು ಹೇಗಿತ್ತು ಎಂದರು.

"ಬೀಗ ಹಾಕಿತ್ತು. ಹಾಕಿದ್ದು ನಾನು. ಹಾಕು ಅಂದೋರು ಅಲ್ಲಿ ಕೂತಿದಾರೆ."

ಮ್ಯಾನೇಜರು ಎದ್ದು ಹೊರಟಿದ್ದರು. ಬಾಗಿಲಲ್ಲಿದ್ದ ಪೊಲೀಸಿನವನು ಅವರನ್ನು ನಿಲ್ಲಿಸಿದ. ಮೊದಲೇ ಏಕೆ ಹೇಳಲಿಲ್ಲ ಎಂದು ನ್ಯಾಯಾಧೀಶರು ಕೇಳಿದರು. ಅಣ್ಣ, ಹೆದರಿಕೆಯಾಗಿತ್ತು ಅಂದ. ಅಷ್ಟೇ. ಗುಬ್ಬಿಯ ಅಮ್ಮ ಮುಂದಿನ ಸಾಲಿನಲ್ಲಿದ್ದರು. ಇಳಿದು ಬರುವಾಗ ಅಣ್ಣ ಅವರ ಎದುರು ನಿಂತ. ಕೈ ಮುಗಿಯಲು ಹೋದ, ಆ ಕೈ ಸರಿಯಾಗಿ ಕೂಡಲಿಲ್ಲ. ಅವರು ನೋಡಿದರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಅವನು ದಾಟಿ ಹೋಗುವಷ್ಟು ಜಾಗ ಬಿಟ್ಟು ಕಾಲು ಹಿಂದಕ್ಕೆ ಎಳೆದುಕೊಂಡರು.

ಅಣ್ಣನನ್ನೂ ಮ್ಯಾನೇಜರನ್ನೂ ಒಟ್ಟಿಗೇ ವಶಕ್ಕೆ ತೆಗೆದುಕೊಂಡಿದ್ದಾರೆ. ಅಣ್ಣ ತಾನಾಗಿ ಒಪ್ಪಿಕೊಂಡದ್ದಕ್ಕೆ ಜಾಮೀನು ಸಿಗಬಹುದು, ಆದರೆ ಶಿಕ್ಷೆ ಪೂರ್ತಿ ತಪ್ಪುವುದಿಲ್ಲ ಎಂದು ವಕೀಲಮ್ಮ ಹೇಳಿದರು. ನಿನಗೆ ಸುಳ್ಳು ಸಮಾಧಾನ ಬರೆಯಲಾರೆ.

ವ್ಯಾನು ಹೊರಡುವ ತನಕ ಜೊತೆಯಲ್ಲಿರಲು ಬಿಟ್ಟರು. ನಾನು ಆಗ ಕಾಗದದ ವಿಷಯ ಎತ್ತಿ ಅತ್ತುಬಿಟ್ಟೆ. ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೇರೇನನ್ನೋ ಯೋಚಿಸುತ್ತಿದ್ದ. ಇಷ್ಟು ದಿನದಲ್ಲಿ ಮೊದಲ ಸಲ ನಿನ್ನ ವಿಷಯ ಎತ್ತಿದ. "ಅವತ್ತು ಅಲ್ಲಿ ನಿಂತು ಹೇಳುವಾಗ ಅವಳ ಕಾಲು ನಡುಗ್ತಾ ಇತ್ತು ಕಣೋ" ಅಂದ. "ಕೂರೋಕೆ ಒಂದು ಸ್ಟೂಲ್ ಕೊಡ್ಸಿ ಅಂತ ಕೇಳೋಣ ಅನ್ನಿಸ್ತು. ನಾನು ಕಂಪನಿ ಕಡೆ ಸಾಕ್ಷಿ ಅಲ್ವಾ, ಕೇಳಬಹುದೋ ಇಲ್ವೋ ಅಂತ ಸುಮ್ಮನಾದೆ."

ಚಿಕ್ಕಪ್ಪ